ಉತ್ಪಾದನಾ ವಿಭಾಗದಿಂದ ಲಾಜಿಸ್ಟಿಕ್ಸ್ ಎಂಜಿನಿಯರಿಂಗ್‌ಗೆ: ನಂಜನಗೂಡು – ತಿ. ನರಸೀಪುರ ವಲಯದ ಹಿನ್ನೆಲೆಯಲ್ಲಿ ಒಂದು ಅಧ್ಯಯನ

ಕಾರ್ಖಾನೆಯ ಉತ್ಪಾದನಾ ವಿಭಾಗದಲ್ಲಿ ಹತ್ತು ಹದಿನೈದು ವರ್ಷ ದುಡಿದ ವ್ಯವಸ್ಥಾಪಕರು ಲಾಜಿಸ್ಟಿಕ್ಸ್ ಕ್ಷೇತ್ರದ ಕಡೆ ಹೊರಳುವುದು ಇಂದು ಅಪರೂಪದ ಸಂಗತಿಯಲ್ಲ. ಆದರೆ ಇದನ್ನು ಒಂದು ವಿಭಾಗದಿಂದ ಮತ್ತೊಂದಕ್ಕೆ ಆಗುವ ಸಾಮಾನ್ಯ ವರ್ಗಾವಣೆಯೆಂದು ಭಾವಿಸಿದವರು ನಿರಾಶರಾಗುವ ಸಂಭವ ಹೆಚ್ಚು. ಈ ಹೊರಳುವಿಕೆಯಲ್ಲಿ ವೆಚ್ಚವನ್ನು ಅಳೆಯುವ ರೀತಿಯೇ ಬದಲಾಗುತ್ತದೆ. ಅದನ್ನು ಅರಿತು ಹೆಜ್ಜೆಯಿಟ್ಟವರಿಗೆ ಹಳೆಯ ಅನುಭವವೇ ಹೊಸ ವೃತ್ತಿಯ ಬಂಡವಾಳವಾಗುತ್ತದೆ.

ಬೇಡಿಕೆ ಹುಟ್ಟಿದ ಬಗೆ

ಕೇಂದ್ರ ಮಾರಾಟ ತೆರಿಗೆ ಜಾರಿಯಲ್ಲಿದ್ದ ಕಾಲದಲ್ಲಿ ಅಂತರರಾಜ್ಯ ಮಾರಾಟದ ಮೇಲೆ ತೆರಿಗೆ ಬೀಳುತ್ತಿತ್ತು. ‘ಸಿ’ ನಮೂನೆ ಇದ್ದಲ್ಲಿ 2008ರ ಜೂನ್‌ನಿಂದ ಅದರ ದರ ಶೇ. 2 ಆಗಿತ್ತು. ಸರಕನ್ನು ಸ್ವಂತ ಡಿಪೋಗೆ ವರ್ಗಾಯಿಸಿ ‘ಎಫ್’ ನಮೂನೆ ಒದಗಿಸಿದರೆ ಆ ತೆರಿಗೆ ಇರುತ್ತಿರಲಿಲ್ಲ. ಆದಕಾರಣ ಅನೇಕ ಕಂಪನಿಗಳು ರಾಜ್ಯಕ್ಕೊಂದು ಡಿಪೋ ತೆರೆದವು. ಉಗ್ರಾಣ ಎಲ್ಲಿರಬೇಕೆಂಬುದು ಬಹುಮಟ್ಟಿಗೆ ತೆರಿಗೆಯ ಪ್ರಶ್ನೆಯಾಗಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಮೇಲೆ ಈ ಕಾರಣ ಇಲ್ಲವಾಯಿತು. ಎಷ್ಟು ಉಗ್ರಾಣ, ಯಾವ ಊರಿನಲ್ಲಿ, ಯಾವ ಗಾತ್ರದ ವಾಹನ, ಎಷ್ಟು ದಿನದ ದಾಸ್ತಾನು ಎಂಬಿವು ಎಂಜಿನಿಯರಿಂಗ್ ಪ್ರಶ್ನೆಗಳಾದವು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಲಾಜಿಸ್ಟಿಕ್ಸ್ ಕ್ಷೇತ್ರಕ್ಕೆ ಮೂಲಸೌಕರ್ಯದ ಸ್ಥಾನಮಾನ ನೀಡಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಪ್ರಕಟವಾಯಿತು. ಲಾರಿ ಗೊತ್ತುಮಾಡುವ ಗುಮಾಸ್ತನ ಕೆಲಸವೆಂದು ಒಮ್ಮೆ ತಿಳಿಯಲಾಗಿದ್ದ ವಿಭಾಗಕ್ಕೆ ತಾಂತ್ರಿಕ ಪರಿಣತಿ ಬೇಕಾದದ್ದು ಹೀಗೆ.

ಗೇಟಿನ ಆಚೆಯ ಗಡಿಯಾರ

ನೆಸ್ಲೆಯ ಕಾಫಿ ಕಾರ್ಖಾನೆಯಿಂದ ಹಿಡಿದು 2018ರಲ್ಲಿ ಇಮ್ಮಾವಿನಲ್ಲಿ ಆರಂಭವಾದ ಏಷ್ಯನ್ ಪೇಂಟ್ಸ್ ಘಟಕದವರೆಗೆ ನಂಜನಗೂಡು ತಾಲ್ಲೂಕಿನಲ್ಲಿ ಹಲವು ಉದ್ದಿಮೆಗಳಿವೆ. ಇಲ್ಲಿಂದ ಕೋಳಿಕ್ಕೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಬಂಡೀಪುರ ಅರಣ್ಯದ ಮೂಲಕ ಹಾದುಹೋಗುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ, ಕೆಲವು ಬಸ್ಸುಗಳು ಮತ್ತು ತುರ್ತು ವಾಹನಗಳ ಹೊರತು, ಸಂಚಾರಕ್ಕೆ ನಿರ್ಬಂಧವಿದೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗ ಬಳಸು ದಾರಿಯಾಗುತ್ತದೆ. ಕೇರಳದ ಸರಕು ಸಂಜೆ 4ಕ್ಕೆ ಸಿದ್ಧವಾದರೂ ರಾತ್ರಿ 8ಕ್ಕೆ ಸಿದ್ಧವಾದರೂ ಉತ್ಪಾದನಾ ವಹಿಯಲ್ಲಿ ಅದು ಆ ದಿನದ ಉತ್ಪಾದನೆಯೇ. ಲಾಜಿಸ್ಟಿಕ್ಸ್ ಲೆಕ್ಕದಲ್ಲಿ ಆ ನಾಲ್ಕು ಗಂಟೆಯ ಬೆಲೆ ಒಂದು ಇಡೀ ರಾತ್ರಿ.

ಕೃಷಿ ಮೂಲದ ಕಚ್ಚಾಮಾಲಿನ ವಿಷಯದಲ್ಲಿ ಗಡಿಯಾರ ಇನ್ನೂ ಕಠಿಣವಾದುದು. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ತಿ. ನರಸೀಪುರದ ಘಟಕದಲ್ಲಿ ಗೂಡಿನಿಂದ ನೂಲು ತೆಗೆದು ಮೈಸೂರಿನ ನೇಯ್ಗೆ ಕಾರ್ಖಾನೆಗೆ ಒದಗಿಸುತ್ತದೆ. ಗೂಡಿನೊಳಗಿನ ಹುಳು ಜೀವಂತವಾದುದರಿಂದ ಸಕಾಲದಲ್ಲಿ ಶಾಖ ಕೊಡದಿದ್ದರೆ ಪತಂಗ ಹೊರಬಂದು ಎಳೆ ತುಂಡಾಗುತ್ತದೆ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಬರುವ ಕಬ್ಬಿನದೂ ಇದೇ ಕಥೆ. ಕಡಿದ ಮೇಲೆ ತಡವಾದಷ್ಟೂ ತೂಕವೂ ಸಕ್ಕರೆಯಂಶವೂ ಇಳಿಯುತ್ತವೆ. ಯಂತ್ರ ಎಷ್ಟೇ ಸಮರ್ಥವಾಗಿದ್ದರೂ ದಾರಿಯಲ್ಲಿ ಆದ ನಷ್ಟವನ್ನು ಅದು ತುಂಬಿಕೊಡಲಾರದು.

ಒಂದು ಲೆಕ್ಕ

ಉದಾಹರಣೆಗಾಗಿ, ದಿನಕ್ಕೆ 20 ಲಕ್ಷ ರೂಪಾಯಿ ವೆಚ್ಚದ ಸರಕು ತಯಾರಿಸುವ ಒಂದು ಘಟಕವನ್ನು ಊಹಿಸಿಕೊಳ್ಳಬಹುದು. ಒಂದೇ ಬಗೆಯ ಮಾಲನ್ನು ದೀರ್ಘಕಾಲ ಓಡಿಸಿದರೆ ಯಂತ್ರದ ಅಚ್ಚು ಬದಲಾಯಿಸುವ ಖರ್ಚಿನಲ್ಲಿ ತಿಂಗಳಿಗೆ 40,000 ರೂ., ಅಂದರೆ ವರ್ಷಕ್ಕೆ 4.80 ಲಕ್ಷ ರೂ. ಉಳಿಯುತ್ತದೆ. ಉತ್ಪಾದನಾ ವ್ಯವಸ್ಥಾಪಕರಿಗೆ ಇದು ಪ್ರಶಂಸೆ ತರುವ ಸಾಧನೆ.

ಆದರೆ ದೀರ್ಘ ಓಟದಿಂದ ಸಿದ್ಧವಸ್ತುಗಳ ಸರಾಸರಿ ದಾಸ್ತಾನು 3 ದಿನದಷ್ಟು ಹೆಚ್ಚಿತೆನ್ನೋಣ. ಆಗ 60 ಲಕ್ಷ ರೂ. ಉಗ್ರಾಣದಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಂಕಿನ ಬಡ್ಡಿ ಶೇ. 10, ಉಗ್ರಾಣದ ಬಾಡಿಗೆ, ವಿಮೆ ಮತ್ತು ಹಾಳಾಗುವಿಕೆಗೆ ಶೇ. 5 ಎಂದು ಹಿಡಿದರೂ ವಾರ್ಷಿಕ ಹೊರೆ 9 ಲಕ್ಷ ರೂ. ನಿವ್ವಳ ನಷ್ಟ 4.20 ಲಕ್ಷ ರೂ. ಬಡ್ಡಿ ಹಣಕಾಸಿನ ಖಾತೆಗೂ, ಬಾಡಿಗೆ ಆಡಳಿತದ ಖಾತೆಗೂ ಬೀಳುವುದರಿಂದ ಈ ನಷ್ಟ ಯಾವ ಒಂದು ವಿಭಾಗದ ವರದಿಯಲ್ಲೂ ಕಾಣುವುದಿಲ್ಲ. ಚದುರಿದ ಈ ಅಂಕಿಗಳನ್ನು ಒಂದೆಡೆ ತಂದು ಒಟ್ಟು ವೆಚ್ಚವನ್ನು ತಗ್ಗಿಸುವುದೇ ಲಾಜಿಸ್ಟಿಕ್ಸ್ ಎಂಜಿನಿಯರನ ಮುಖ್ಯ ಕರ್ತವ್ಯ. ಅಚ್ಚು ಬದಲಾವಣೆಗೆ ನಿಜಕ್ಕೂ ಎಷ್ಟು ಹೊತ್ತು ಬೇಕು, ಅದನ್ನು ಎಷ್ಟು ಇಳಿಸಬಹುದು ಎಂಬುದನ್ನು ಬಲ್ಲವರು ಯಂತ್ರದ ಪಕ್ಕದಲ್ಲಿ ನಿಂತು ಕೆಲಸ ಮಾಡಿದವರೇ ಆದುದರಿಂದ, ಈ ಕರ್ತವ್ಯಕ್ಕೆ ಅವರು ಅರ್ಹರು.

ಸಿದ್ಧತೆಯ ಕ್ರಮ

ಕೆಲಸ ಬಿಟ್ಟು ಹೊಸ ಕ್ಷೇತ್ರ ಅರಸುವುದಕ್ಕಿಂತ ಈಗಿರುವ ಕಾರ್ಖಾನೆಯಲ್ಲಿಯೇ ರವಾನೆ ವಿಭಾಗದ ಜವಾಬ್ದಾರಿಯನ್ನು ಆರು ತಿಂಗಳು ಕೇಳಿ ಪಡೆಯುವುದು ಕ್ಷೇಮ. ಆ ಅವಧಿಯಲ್ಲಿ ಮೂರು ಅಳತೆಗಳನ್ನು ದಿನವಹಿ ಬರೆದಿಡಬೇಕು:

1. ಲಾರಿ ಗೇಟಿನೊಳಗೆ ಬಂದಲ್ಲಿಂದ ಹೊರಡುವವರೆಗಿನ ಸಮಯ.
2. ವಾಹನದ ಸಾಮರ್ಥ್ಯದಲ್ಲಿ ಶೇಕಡಾ ಎಷ್ಟು ತುಂಬಿತೆಂಬ ಲೆಕ್ಕ.
3. ಹೇಳಿದ ದಿನ, ಹೇಳಿದಷ್ಟು ಸರಕು ತಲುಪಿದ ಆದೇಶಗಳ ಪ್ರಮಾಣ.

ಈ ವಹಿಯೇ ಮುಂದಿನ ಸಂದರ್ಶನದಲ್ಲಿ ಪ್ರಮಾಣಪತ್ರಕ್ಕಿಂತ ಹೆಚ್ಚು ಮಾತನಾಡುತ್ತದೆ. ಜೊತೆಗೆ ದಾಸ್ತಾನು ನಿಯಂತ್ರಣದ ಗಣಿತ, ಸಾಗಣೆ ಕರಾರು, ಇ-ವೇ ಬಿಲ್ ನಿಯಮ, ಕಂಟೇನರ್ ತುಂಬುವ ವಿಧಾನ ಇವನ್ನು ಕಲಿಯಬೇಕಾಗುತ್ತದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮೆಟೀರಿಯಲ್ಸ್ ಮ್ಯಾನೇಜ್‌ಮೆಂಟ್ ನಡೆಸುವ ಪಠ್ಯಕ್ರಮಗಳು ಇದಕ್ಕೆ ಸಹಾಯಕ. ರಸ್ತೆಯೊಂದನ್ನೇ ನೆಚ್ಚದೆ, ಕಡಕೊಳದ ರೈಲು ಕಂಟೇನರ್ ನೆಲೆಯ ಕಾರ್ಯವಿಧಾನವನ್ನೂ ಈ ವಲಯದ ಅಭ್ಯರ್ಥಿಗಳು ಅರಿತಿರುವುದು ಒಳಿತು.

ಹುದ್ದೆ ಒಪ್ಪುವ ಮುನ್ನ

ಲಾಜಿಸ್ಟಿಕ್ಸ್ ವ್ಯವಸ್ಥಾಪಕ ಎಂಬ ಹೆಸರಿನಡಿ ಕೇವಲ ಲಾರಿ ಹುಡುಕುವ ಕೆಲಸವೂ ಇರಬಹುದು. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳಿ ತಿಳಿಯಬೇಕು. ದಾಸ್ತಾನಿನ ಮಿತಿ ನಿರ್ಧರಿಸುವಲ್ಲಿ ಈ ಹುದ್ದೆಗೆ ಅಧಿಕಾರವಿದೆಯೇ? ಸಾಗಣೆ ಮತ್ತು ಉಗ್ರಾಣ ವೆಚ್ಚದ ಅಂಕಿಅಂಶಗಳು ಕೈಗೆ ಸಿಗುತ್ತವೆಯೇ? ಉತ್ಪಾದನಾ ವೇಳಾಪಟ್ಟಿಯ ಸಭೆಯಲ್ಲಿ ಸ್ಥಾನವಿದೆಯೇ? ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಸಂಬಳ ಹೆಚ್ಚಿದ್ದರೂ ಆ ಹುದ್ದೆಯಿಂದ ವೃತ್ತಿ ಬೆಳೆಯುವುದು ಕಷ್ಟ. ಮೂರಕ್ಕೂ ‘ಹೌದು’ ಎಂದಾದರೆ, ಮನೆಯ ಖರ್ಚಿಗೆ ಧಕ್ಕೆಯಾಗದ ಮಿತಿಯಲ್ಲಿ ಆರಂಭದ ಸಂಬಳ ತುಸು ಕಡಿಮೆಯಿದ್ದರೂ ಪರಿಶೀಲಿಸಬಹುದು.

ಮಾಲೀಕರಿಗೂ ಇದರಲ್ಲಿ ಪಾಠವಿದೆ. ಅನುಭವಿ ಉತ್ಪಾದನಾ ಸಿಬ್ಬಂದಿಗೆ ಈ ಅವಕಾಶ ಒಳಗೇ ದೊರೆತರೆ, ಅವರ ತಿಳಿವಳಿಕೆಯೂ ಅವರಿಂದಾಗುವ ಉಳಿತಾಯವೂ ಸಂಸ್ಥೆಯಲ್ಲಿಯೇ ಉಳಿಯುತ್ತವೆ.