ಹಿಂದಿನ ಆಕ್ಸಲ್ ಬಿಚ್ಚುವ ಮೊದಲು

ತಮ್ಮಾ, ಅಪ್ಪನ ಹಳೇ ಜೀಪಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುತ್ತೇನೆ ಎಂದೆಯಂತೆ. ಹಾಕಿಸು. ಇಸಳೂರಿನಲ್ಲಿ ಟಾರುರಸ್ತೆ ಬಿಟ್ಟು ತೋಟಕ್ಕೆ ಇಳಿಯುವವರಿಗೆ ಅದು ಬೇಕಾದದ್ದೇ. ಕೊಳೆ ಮದ್ದಿನ ಕಾಲದಲ್ಲಿ ಮೈಲುತುತ್ತ, ಸುಣ್ಣ ಇಳಿಸಿ ವಾಪಸು ಏರು ಹತ್ತುವಾಗ ಒಂದು ಚಕ್ರ ಕೆಸರಲ್ಲಿ ಗಿರ್ರೆಂದು ತಿರುಗುತ್ತದೆ, ಇನ್ನೊಂದು ಗಟ್ಟಿ ನೆಲದ ಮೇಲಿದ್ದೂ ಅಲುಗುವುದಿಲ್ಲ. ಸಾದಾ ಡಿಫರೆನ್ಷಿಯಲ್ ಎರಡೂ ಕಡೆಗೆ ಸಮ ಬಲವನ್ನೇ ಹಂಚುತ್ತದೆ. ಜಾರುವ ಚಕ್ರ ಎಷ್ಟು ತಡೆದುಕೊಂಡೀತೋ ಗಟ್ಟಿ ನೆಲದ ಚಕ್ರಕ್ಕೂ ಅಷ್ಟೇ. ಲಿಮಿಟೆಡ್ ಸ್ಲಿಪ್ಪಿನೊಳಗಿನ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಒತ್ತಿ ಹಿಡಿದು, ಜಾರದ ಚಕ್ರಕ್ಕೂ ಬಲ ಮುಟ್ಟಿಸುತ್ತವೆ.

ಆದರೆ ಬೆಲೆ ಕೇಳುವ ಮೊದಲು ಹಲ್ಲು ಎಣಿಸು. ಕ್ರೌನಿನ ಹಲ್ಲು 43, ಪಿನಿಯನ್ನಿನದು 8 ಇದ್ದರೆ ಅನುಪಾತ 5.38. ಹಳೇ ವಿಲ್ಲಿಸ್ ಜೀಪುಗಳಲ್ಲಿ 4.88 ಕೂಡ ಇದೆ. ಹೊರಗಿನಿಂದ ಎರಡೂ ಒಂದೇ ತರ. ನಾನು ಒಮ್ಮೆ ಎಣಿಸದೆ, ಗುಜರಿಯಿಂದ ಇಡೀ ಹಿಂದಿನ ಆಕ್ಸಲ್ ತಂದು ಕೂರಿಸಿದೆ. ಟೂ ವೀಲಿನಲ್ಲಿ ಚೆನ್ನಾಗಿಯೇ ಓಡಿತು. ಮೊದಲ ಮಳೆಗೆ ಫೋರ್ ವೀಲ್ ಹಾಕಿದ್ದೇ, ಸ್ಟೀರಿಂಗ್ ಕಲ್ಲಾಯಿತು, ಟ್ರಾನ್ಸ್‌ಫರ್ ಕೇಸ್ ನರಳಿತು, ಲಿವರ್ ಹಿಂದೆ ಬರಲೊಲ್ಲದು. ರಿವರ್ಸ್ ಹೊಡೆದು ಹೊಡೆದು ಬಿಡಿಸಬೇಕಾಯಿತು. ಮುಂದಿನ ಚಕ್ರದ ಲೆಕ್ಕ ಒಂದು, ಹಿಂದಿನದು ಇನ್ನೊಂದು.

ಬಿಚ್ಚದೆಯೂ ಎಣಿಸಬಹುದು. ಹಿಂದಿನ ಒಂದು ಚಕ್ರವನ್ನಷ್ಟೇ ಜಾಕ್ ಕೊಟ್ಟು ಎತ್ತು, ಗೇರ್ ನ್ಯೂಟ್ರಲ್ಲಿಗೆ ತಾ, ಹ್ಯಾಂಡ್ ಬ್ರೇಕ್ ಬಿಡು, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಡು. ಎತ್ತಿದ ಟಯರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗೀಟು ಹಾಕಿ, ಟಯರನ್ನು ನಿಧಾನ ಎರಡು ಸುತ್ತು ತಿರುಗಿಸು. ಶಾಫ್ಟ್ ಐದು ಸುತ್ತು ದಾಟಿ ಮೂರನೇ ಒಂದು ಪಾಲು ಮುಂದೆ ಹೋದರೆ 5.38, ಐದಕ್ಕೆ ಚೂರು ಕಡಿಮೆಯಾದರೆ 4.88. ಈ ಲೆಕ್ಕ ಸಾದಾ ಡಿಫರೆನ್ಷಿಯಲ್ಲಿಗೆ ಮಾತ್ರ. ಜೊತೆಗೆ ಆಕ್ಸಲ್ ಶಾಫ್ಟಿನ ತುದಿಯ ಸ್ಪ್ಲೈನ್‌ಗಳನ್ನೂ ಎಣಿಸಿಕೋ.

ಕ್ರೌನ್, ಪಿನಿಯನ್ ಜೋಡಿ ಹುಟ್ಟಿದವು, ಬೇರೆ ಮಾಡಬೇಡ. ಕೂರಿಸುವವರು ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಪ್ಲೇ ನೋಡಲಿ, ಹಲ್ಲಿಗೆ ಬಣ್ಣ ಸವರಿ ತಾಕುವ ಜಾಗ ಪರೀಕ್ಷಿಸಲಿ. ‘ಕೈಯಲ್ಲೇ ಗೊತ್ತಾಗ್ತು’ ಎನ್ನುವವರ ಹತ್ತಿರ ಕೊಡಬೇಡ. ಎಣ್ಣೆಯೂ ಬೇರೆ: ಪ್ಲೇಟಿನ ಜಾತಿಗೆ ಅದಕ್ಕೆಂದೇ ಇರುವ ಅಡಿಟಿವ್ ಬೆರೆಸಿದ್ದು ಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಹಿಂದಿನಿಂದ ಕಟಕಟ ಸದ್ದು ಬರುತ್ತದೆ.

ಲಿಮಿಟೆಡ್ ಸ್ಲಿಪ್ ಏನೂ ಪೂರ್ತಿ ಲಾಕ್ ಅಲ್ಲ. 2021ರ ಬೊಲೆರೊ ನಿಯೋದ ಮೇಲ್ದರ್ಜೆಯ ಮಾದರಿಯಲ್ಲಿ ಬಂದದ್ದು ಲಾಕ್ ಆಗುವ ಡಿಫರೆನ್ಷಿಯಲ್, ಅದರ ಮಾತು ಬೇರೆ. ನಿನ್ನದರಲ್ಲಿ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಎಳೆತ ಕಡಿಮೆಯೇ; ಆಗ ಕಾಲಿನ ಬ್ರೇಕನ್ನು ಹಗುರ ಒತ್ತಿ ಆಕ್ಸಿಲರೇಟರ್ ಕೊಡು. ಹ್ಯಾಂಡ್ ಬ್ರೇಕ್ ಎಳೆದು ಪ್ರಯೋಜನವಿಲ್ಲ. ಹಳೇ ಜೀಪಿನಲ್ಲಿ ಅದು ಹಿಡಿಯುವುದು ಶಾಫ್ಟನ್ನು, ಚಕ್ರವನ್ನಲ್ಲ.

ಇನ್ನು ಎರಡು ಮಾತು ನನಗೆ ಭಯ ಇರುವುದರಿಂದಲೇ ಹೇಳುತ್ತಿದ್ದೇನೆ. ಲಿಮಿಟೆಡ್ ಸ್ಲಿಪ್ ಹಾಕಿದ ಮೇಲೆ ಒಂದೇ ಚಕ್ರ ಎತ್ತಿಟ್ಟು ಗೇರಿನಲ್ಲಿ ಇಂಜಿನ್ ಓಡಿಸಬೇಡ. ನೆಲದ ಮೇಲಿನ ಚಕ್ರ ಗಾಡಿಯನ್ನು ಜಾಕಿನಿಂದ ನೆಗೆಸಿಬಿಡುತ್ತದೆ. ಇನ್ನೊಂದು, ಮಳೆಯಲ್ಲಿ ದೇವಿಮನೆ ಘಟ್ಟ ಹತ್ತುವಾಗ ತಿರುವಿನಲ್ಲಿ ಕಾಲು ಹಗುರ ಇರಲಿ. ಮೊದಲು ಒಂದು ಚಕ್ರ ಜಾರುತ್ತಿತ್ತು, ಇನ್ನೊಂದು ಗಾಡಿಯನ್ನು ಹಿಡಿದಿರುತ್ತಿತ್ತು. ಇನ್ನು ಎರಡೂ ಒಟ್ಟಿಗೆ ಜಾರಿದರೆ ಹಿಂಭಾಗವೇ ಅಡ್ಡ ಬರುತ್ತದೆ.

ಭಾನುವಾರ ಬೆಳಿಗ್ಗೆ ಜೀಪು ತಗೊಂಡು ಬಾ, ಒಟ್ಟಿಗೆ ಎಣಿಸೋಣ. ಜಾಕ್ ನನ್ನ ಹತ್ತಿರ ಇದೆ. ಚಕ್ರಕ್ಕೆ ಕೊಡಲು ಕೊಟ್ಟಿಗೆ ಹಿಂದಿನ ಚಿರೇಕಲ್ಲು ಮೂರು ತಗೊಂಡು ಬಾ.