ಬೇಸಗೆಯ ಬಿಡುವೂ ಸಸಿಯ ಬಾಯಾರಿಕೆಯೂ

ಏಪ್ರಿಲ್ ತಿಂಗಳಲ್ಲಿ ಶಾಲೆಗಳ ಬಾಗಿಲು ಮುಚ್ಚಿ ಮಕ್ಕಳು ಮನೆಗೆ ಮರಳುವ ಹೊತ್ತಿಗೆ ಸರಿಯಾಗಿ, ಹಿಂದಿನ ಜೂನ್ 5ರ ಪರಿಸರ ದಿನದಂದು ಶ್ರದ್ಧೆಯಿಂದ ನೆಟ್ಟ ಸಸಿಗಳು ತಮ್ಮ ಬಾಳಿನ ಅತ್ಯಂತ ಕಠಿಣವಾದ ಕಾಲವನ್ನು ಪ್ರವೇಶಿಸಿರುತ್ತವೆ. ಮುಂಗಾರಿನಲ್ಲಿ ಚಿಗುರಿ, ಹಿಂಗಾರಿನಲ್ಲಿ ಬೇರೂರಿ, ಮಾಗಿಯ ಚಳಿಯನ್ನೂ ದಾಟಿ ಬಂದ ಆ ಎಳೆಯ ಜೀವಗಳು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಒಂದು ಕೊಡ ನೀರು ಕಾಣದೆ ಒಣಗಿಹೋಗುವುದನ್ನು ತುಮಕೂರಿನ ನಮ್ಮ ಬಡಾವಣೆಯಲ್ಲಿ ವರ್ಷ ವರ್ಷವೂ ನೋಡಿ ನೊಂದಿದ್ದ ನನಗೆ, ಮಕ್ಕಳ ಬಿಡುವೂ ಸಸಿಗಳ ಬಾಯಾರಿಕೆಯೂ ಪಂಚಾಂಗದ ಒಂದೇ ಪುಟದಲ್ಲಿ ಬರುತ್ತವೆಂಬ ಸರಳವಾದ ಸಂಗತಿ ಮನಸ್ಸಿಗೆ ಹೊಳೆದದ್ದು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ. ಅಂದಿನಿಂದ ಪ್ರತಿ ಬೇಸಗೆಯಲ್ಲಿಯೂ ಮೊಮ್ಮಕ್ಕಳನ್ನೂ ನೆರೆಮನೆಗಳ ಮಕ್ಕಳನ್ನೂ ಕೂಡಿಸಿಕೊಂಡು ನಡೆಸುತ್ತ ಬಂದಿರುವ ಕೆಲಸಗಳು, ಅವರಿಗೆ ಎಷ್ಟನ್ನು ಕಲಿಸಿದುವೋ ಅದಕ್ಕಿಂತ ಹೆಚ್ಚನ್ನು ನನಗೆ ಕಲಿಸಿವೆ.

ಒಂದು ಮಗುವಿಗೆ ಒಂದು ಸಸಿ ಎಂಬುದು ನಮ್ಮಲ್ಲಿ ನಡೆದುಬಂದಿರುವ ಕ್ರಮ. ರಸ್ತೆಯಂಚಿನ ಹೊಂಗೆಯೋ ಬೇವೋ ನೇರಳೆಯೋ, ಯಾವುದು ಯಾರ ಪಾಲಿಗೆ ಬಂದಿತೋ ಅದರ ಯೋಗಕ್ಷೇಮ ರಜೆ ಮುಗಿಯುವವರೆಗೆ ಆ ಮಗುವಿನದು. ನಲ್ಲಿಯ ನೀರನ್ನು ಇದಕ್ಕೆ ಬಳಸಕೂಡದೆಂಬ ನಿಯಮವನ್ನು ಇಟ್ಟಾಗ ಮಕ್ಕಳು ಸಹಜವಾಗಿಯೇ ಕಾರಣ ಕೇಳಿದರು. ನಮ್ಮೂರಿನ ನಲ್ಲಿಗೆ ಬರುವ ನೀರು ಹಾಸನ ಜಿಲ್ಲೆಯ ಗೊರೂರಿನ ಅಣೆಕಟ್ಟಿನಿಂದ ಹೊರಟು, ಹೇಮಾವತಿಯ ನಾಲೆಯಲ್ಲಿ ಅಷ್ಟು ದೂರ ಹರಿದು, ಬುಗುಡನಹಳ್ಳಿಯ ಕೆರೆಯಲ್ಲಿ ತಂಗಿ, ಶುದ್ಧಿಗೊಂಡು ನಮ್ಮ ಮನೆಗೆ ಮುಟ್ಟತಕ್ಕದ್ದೆಂಬುದನ್ನು ವಿವರಿಸಿದ ಮೇಲೆ, ಅಕ್ಕಿ ತೊಳೆದ ನೀರನ್ನೂ ತರಕಾರಿ ತೊಳೆದ ನೀರನ್ನೂ ಮೋರಿಗೆ ಚೆಲ್ಲದಂತೆ ತಮ್ಮ ತಮ್ಮ ಅಡಿಗೆಮನೆಗಳ ಬಾಗಿಲಲ್ಲಿ ಬಕೆಟ್ಟಿಟ್ಟು ಕಾಯುವ ಕಾರ್ಯವನ್ನು ಅವರೇ ವಹಿಸಿಕೊಂಡರು. ತಾಯಂದಿರಿಗೆ ಮೊದಮೊದಲು ಇದು ಉಪದ್ರವವಾಗಿ ತೋರಿದ್ದುಂಟು.

ಈ ನೀರನ್ನು ಉಳಿಸಿ ಬಳಸುವುದಕ್ಕೆ ಮಣ್ಣಿನ ಮಡಕೆಗೆ ಸಮನಾದ ಸಾಧನವನ್ನು ನಾನು ಕಂಡಿಲ್ಲ. ಸಸಿಯ ಬುಡದಿಂದ ಒಂದು ಗೇಣು ದೂರದಲ್ಲಿ ಹಳೆಯ ಮಡಕೆಯೊಂದನ್ನು ಕಂಠದವರೆಗೆ ಹೂಳಿ, ನೀರು ತುಂಬಿ, ಬಾಯಿಗೆ ಮುಚ್ಚಳವನ್ನಿಟ್ಟುಬಿಟ್ಟರೆ, ಅದರ ಸೂಕ್ಷ್ಮರಂಧ್ರಗಳಿಂದ ಒಸರುವ ತೇವವು ನೇರವಾಗಿ ಬೇರಿಗೆ ಸಲ್ಲುವುದಲ್ಲದೆ, ಸುತ್ತಣ ಮಣ್ಣು ಒಣಗಿದ್ದಾಗ ಬೇಗನೆಯೂ ನೆನೆದಿದ್ದಾಗ ನಿಧಾನವಾಗಿಯೂ ಒಸರಿ, ತನ್ನ ಪ್ರಮಾಣವನ್ನು ತಾನೇ ಹದದಲ್ಲಿಡುತ್ತದೆ. ಬುಡದ ಮೇಲೆ ತರಗೆಲೆಯನ್ನು ದಪ್ಪನಾಗಿ ಹರಡಿದರಂತೂ ಇನ್ನೂ ಉತ್ತಮ. ಬೀದಿ ಗುಡಿಸಿ ಎಲೆಗೆ ಬೆಂಕಿಯಿಡುವ ಪದ್ಧತಿ ನಮ್ಮ ರಸ್ತೆಯಲ್ಲಿ ಅಷ್ಟರಮಟ್ಟಿಗೆ ನಿಂತಿದೆ. ನೇರಳೆಯನ್ನು ಪಾಲಿಗೆ ಪಡೆದಿದ್ದ ಐದನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿದಿನ ಬೆಳಗ್ಗೆ ಪೊರಕೆಯ ಕಡ್ಡಿಯೊಂದನ್ನು ಮಡಕೆಯೊಳಗಿಳಿಸಿ, ಕಡ್ಡಿ ಎಲ್ಲಿಯವರೆಗೆ ನೆನೆಯಿತೆಂಬುದನ್ನು ಉಗುರಿನಿಂದ ಗೀರಿ ಗುರುತು ಮಾಡಿಕೊಳ್ಳುತ್ತಿದ್ದಳು. ಒಂದು ದಿನ ಓಡಿಬಂದು, “ತಾತ, ಇವತ್ತು ಇದು ನಿನ್ನೆಯಷ್ಟು ಕುಡಿದೇ ಇಲ್ಲ, ಹುಷಾರಿಲ್ವಾ?” ಎಂದು ಕಳವಳದಿಂದ ಕೇಳಿದಳು. ಹಿಂದಿನ ರಾತ್ರಿ ಭರಣಿಯ ಮಳೆ ನಾಲ್ಕು ಹನಿ ಬಿದ್ದು ನೆಲ ನೆನೆದಿತ್ತು. ಮಣ್ಣನ್ನು ಮುಟ್ಟಿ ನೋಡೆಂದೆ; ಮುಟ್ಟಿದಳು, ಒಂದು ಕ್ಷಣ ಯೋಚಿಸಿದಳು, ಮುಖ ಅರಳಿತು. ಮೂರು ದಶಕಗಳ ಕಾಲ ಕರಿಹಲಗೆಯ ಮುಂದೆ ನಿಂತು ವಿಜ್ಞಾನವನ್ನು ಪಾಠ ಹೇಳಿದ ನನಗೆ ಅಂಥ ಮುಖಗಳನ್ನು ನೋಡುವ ಭಾಗ್ಯ ತರಗತಿಯಲ್ಲಿ ಕ್ವಚಿತ್ತಾಗಿ ಮಾತ್ರ ದೊರೆತಿತ್ತು.

ನನ್ನ ಮಗಳ ಮನೆ ಕುಣಿಗಲ್ಲಿನಲ್ಲಿ. ಅಲ್ಲಿಗೆ ಹೋದಾಗ ಮಕ್ಕಳನ್ನು ಮಾಗಡಿ ತಾಲ್ಲೂಕಿನ ಕುದೂರಿಗೆ ಕರೆದೊಯ್ಯುವುದನ್ನು ನಾನು ತಪ್ಪಿಸುವುದಿಲ್ಲ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಓದುಬರಹವನ್ನು ಕಲಿಯುವ ಅವಕಾಶವಿಲ್ಲದೆ, ಹುಲಿಕಲ್ಲಿನ ಸೊಸೆಯಾಗಿ ಕೂಲಿಮಾಡಿ ಬದುಕಿದ ಸಾಲುಮರದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡಗೂಡಿ ಬೆಳೆಸಿದ 385 ಆಲದ ಮರಗಳು ಹುಲಿಕಲ್ಲಿಗೂ ಕುದೂರಿಗೂ ನಡುವಣ ರಸ್ತೆಯುದ್ದಕ್ಕೂ ನೆರಳನ್ನು ಹಾಸಿ ನಿಂತಿವೆ. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತೆಂಬುದು ಮಕ್ಕಳಿಗೆ ಪಠ್ಯಪುಸ್ತಕದಿಂದಲೇ ತಿಳಿದಿರುತ್ತದೆ. ಆದರೆ ಆ ದಂಪತಿಗಳು ಸಸಿಗಳಿಗೆ ನೀರನ್ನು ಕೊಡಗಳಲ್ಲಿ ಹೊತ್ತು ಮೈಲಿಗಟ್ಟಲೆ ನಡೆದರೆಂಬ ವಾಕ್ಯದ ಭಾರ ಪುಸ್ತಕದಲ್ಲಿ ತಿಳಿಯತಕ್ಕದ್ದಲ್ಲ. ಆದಕಾರಣ ತುಂಬಿದ ಕೊಡವೊಂದನ್ನು ಜೊತೆಗೊಯ್ದು, ಒಂದು ಮರದಿಂದ ಮುಂದಿನ ಕೆಲವು ಮರಗಳವರೆಗೆ ಸರದಿಯಂತೆ ಹೊತ್ತು ನಡೆಯುವಂತೆ ಹೇಳುತ್ತೇನೆ. ಹೆಗಲು ಬದಲಾಯಿಸುತ್ತ, ಚೆಲ್ಲಿದ ನೀರಿನಲ್ಲಿ ಅಂಗಿ ತೋಯಿಸಿಕೊಳ್ಳುತ್ತ ಸಾಗಿದ ಹುಡುಗರು, ಕೊಡವನ್ನು ಇಳಿಸಿದಾಗ ರಸ್ತೆಯನ್ನು ಕಣ್ಣೆತ್ತಿ ಉದ್ದಕ್ಕೂ ನೋಡುತ್ತಾರೆ. ಆಲದ ಕೊಂಬೆಯನ್ನು ನೆಟ್ಟರೆ ಬೇರು ಬಿಡುವುದು ಪ್ರಕೃತಿಯ ಔದಾರ್ಯ. ಅದನ್ನು ದನಕರುಗಳಿಂದ ಮುಳ್ಳುಬೇಲಿ ಕಟ್ಟಿ ರಕ್ಷಿಸಿ, ಬೇಸಗೆಯನ್ನು ದಾಟಿಸಿದ್ದು ತಿಮ್ಮಕ್ಕನವರ ಪುರುಷಾರ್ಥ. ನೆಡುವ ಉತ್ಸವಗಳಿಗೆ ನಾವು ಕೊಡುವ ಮನ್ನಣೆಯಲ್ಲಿ ಕಾಲುಪಾಲನ್ನು ನೀರೆರೆಯುವ ದುಡಿಮೆಗೆ ಕೊಟ್ಟಿದ್ದರೆ ನಮ್ಮ ಊರುಗಳ ರಸ್ತೆಗಳು ಇಷ್ಟು ಬೋಳಾಗಿರುತ್ತಿರಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಮಕ್ಕಳನ್ನು ಬಿಸಿಲಿಗೆ ಬಿಡುವುದಿಲ್ಲ. ಆ ಹೊತ್ತು ಗುಬ್ಬಿಯ ಬಳಿಯ ನಮ್ಮ ಅಣ್ಣನ ತೋಟದಲ್ಲಾದರೆ ಬೀಜಗಳ ಕೆಲಸಕ್ಕೆ ಮೀಸಲು. ಹೊಸ ಹುಣಸೆಹಣ್ಣನ್ನು ಕುಟ್ಟಿ ಬೀಜ ಬೇರ್ಪಡಿಸುವ ಕಾಲವಾದ್ದರಿಂದ ಬೀಜಕ್ಕೆ ಬರವಿಲ್ಲ. ಮಕ್ಕಳು ಅದೇ ಬೀಜಗಳಿಂದ ಜಗಲಿಯಲ್ಲಿ ಅಳಗುಳಿಮಣೆಯಾಡಿ, ಆಟ ಮುಗಿದ ಮೇಲೆ ನೀರಿನಲ್ಲಿ ನೆನೆಸಿ ಬಿತ್ತುತ್ತಾರೆ. ಹಲಸಿನ ಬೀಜದ ಸ್ವಭಾವವೇ ಬೇರೆ. ಹುಣಸೆಯ ಬೀಜ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕಾದಿದ್ದೂ ಮೊಳೆಯಬಲ್ಲದು. ಹಲಸಿನದು ಒಣಗಿತೆಂದರೆ ಜೀವ ಕಳೆದುಕೊಂಡಿತು, ತೊಳೆ ತಿಂದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಬಿತ್ತಲು ಕರಿಯ ಪ್ಲಾಸ್ಟಿಕ್ ಚೀಲವನ್ನು ನಾವು ತರುವುದಿಲ್ಲ. ತೋಟದಲ್ಲಿ ಬಿದ್ದ ಅಡಿಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಸುರುಳಿ ಸುತ್ತಿ, ಬಾಳೆಯ ನಾರಿನಿಂದ ಬಿಗಿದು, ಗೊಬ್ಬರ ಬೆರೆಸಿದ ಮಣ್ಣು ತುಂಬಿದರೆ ಸೊಗಸಾದ ಕುಂಡವಾಗುತ್ತದೆ. ಮಳೆ ಹಿಡಿದಾಗ ಹಾಳೆಯ ಸಮೇತ ಗುಂಡಿಗಿಳಿಸಬಹುದು. ಮಿಕ್ಕ ಹಾಳೆಗಳ ಮೇಲೆ ಚಿಕ್ಕವರನ್ನು ಕೂರಿಸಿ ದೊಡ್ಡವರು ತೋಟದ ತುಂಬ ಎಳೆದಾಡುತ್ತಾರೆ.

ಅಲ್ಲಿಯೇ ಚೇಳೂರಿನ ಮಾತನ್ನು ಹೇಳದಿದ್ದರೆ ನನಗೆ ಸಮಾಧಾನವಾಗದು. ಗುಬ್ಬಿ ತಾಲ್ಲೂಕಿನ ಆ ಊರಿನ ರೈತ ಕುಟುಂಬವೊಂದರ ಹಿರಿಯರು ನೆಟ್ಟ ಹಲಸಿನ ಮರವೊಂದರ ಹಣ್ಣು ಎರಡೂವರೆ ಕಿಲೋಗ್ರಾಮಿನ ಆಸುಪಾಸಿನ ಸಣ್ಣ ಗಾತ್ರದ್ದು, ತಾಮ್ರವರ್ಣದ ತೊಳೆಯುಳ್ಳದ್ದು; ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಗುರುತಿಸಿ, 2017ರಲ್ಲಿ ಆ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡು, ಮರವನ್ನು ನೆಟ್ಟವರ ಹೆಸರಿನಿಂದ ‘ಸಿದ್ದು’ ಎಂಬ ತಳಿಯಾಗಿ ಪ್ರಸಿದ್ಧಿಗೆ ತಂದರು. ಇದನ್ನು ಕೇಳಿದ ಹುಡುಗನೊಬ್ಬ ಅದರ ಬೀಜವನ್ನೇ ಬಿತ್ತೋಣವೆಂದ. ಬೀಜದಿಂದ ಹುಟ್ಟಿದ ಹಲಸು ತಾಯಿಯ ಗುಣವನ್ನೇ ಹೊತ್ತು ಬರುವುದೆಂಬ ಭರವಸೆಯಿಲ್ಲ, ಅದಕ್ಕಾಗಿಯೇ ಕಸಿ ಕಟ್ಟುತ್ತಾರೆಂದು ತಿಳಿಸಿದೆ. “ಹಾಗಾದ್ರೆ ನಮ್ಮ ಬೀಜದಲ್ಲಿ ಇನ್ನೂ ಒಳ್ಳೇದೇ ಬಂದ್ರೆ?” ಎಂದನವನು. ಆ ಮೂಲ ಮರವೂ ಹೀಗೆಯೇ ಎದ್ದುಬಂದ ವಿಶೇಷವಲ್ಲವೆ!

ಮಕ್ಕಳೊಡನೆ ಮಾಡಿದ ಕೆಲಸಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಶಿಂಷಾ ನದಿಯನ್ನು ಹಿಂಬಾಲಿಸಿದ ಕ್ರಮ. ತುಮಕೂರಿನ ಸಮೀಪದ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿ ಕುಣಿಗಲ್ ತಾಲ್ಲೂಕುಗಳನ್ನು ಹಾದು, ಕೊನೆಗೆ ಕಾವೇರಿಯನ್ನು ಸೇರುವ ಈ ನದಿ, ನನ್ನ ಬಾಳಿನ ಮೂರು ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಬೆಟ್ಟದ ತಪ್ಪಲಿನ ನಾಮದ ಚಿಲುಮೆಯಲ್ಲಿ, ವನವಾಸದಲ್ಲಿದ್ದ ಶ್ರೀರಾಮನು ನಾಮವನ್ನು ತೇಯಲು ನೀರಿಲ್ಲದೆ ಬಾಣ ಬಿಟ್ಟು ಬಂಡೆಯಿಂದ ಚಿಲುಮೆಯನ್ನು ಚಿಮ್ಮಿಸಿದನೆಂಬ ಐತಿಹ್ಯವನ್ನು ಹೇಳಿ, ಬಂಡೆಯ ಬಿರುಕುಗಳಲ್ಲಿ ಇಂಗಿದ ಕಾಡಿನ ಮಳೆನೀರು ಕಡುಬೇಸಗೆಯಲ್ಲಿಯೂ ಹೇಗೆ ಮೇಲೆ ಬರುತ್ತದೆಂಬುದನ್ನೂ ಹೇಳುತ್ತೇನೆ. ಮಕ್ಕಳ ಮನಸ್ಸು ಎರಡಕ್ಕೂ ಎಡೆಮಾಡಿಕೊಡುತ್ತದೆ. ಇನ್ನೊಂದು ದಿನ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ. ಸೀತೆಯ ಅಪೇಕ್ಷೆಯಂತೆ ರಾಮನೇ ಶಿಂಷೆಗೆ ಕಟ್ಟೆ ಕಟ್ಟಿಸಿದನೆಂದು ಅಲ್ಲಿಯ ಸ್ಥಳಪುರಾಣ. ನೀರು ತಗ್ಗಿದ ಅಂಚಿನಲ್ಲಿ ರೈತರು ಹೊಲಕ್ಕೆ ಗೋಡುಮಣ್ಣನ್ನು ಹೊಡೆಯುವುದು ಬೇಸಗೆಯ ಕೆಲಸ. ಅಂಥವರೊಬ್ಬರನ್ನು ಕೇಳಿ ಒಂದು ಬುಟ್ಟಿ ಜೇಡಿಮಣ್ಣನ್ನು ತಂದು ಮಕ್ಕಳು ಮಾಡಿದ ಗಣಪತಿಗಳು ನೆರಳಿನಲ್ಲಿ ಆರಿ, ಭಾದ್ರಪದದಲ್ಲಿ ಅವರವರ ಮನೆಯ ಮಣೆಯನ್ನೇರುತ್ತವೆ.

ಮೂರನೆಯ ನಿಲುಗಡೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಜಲಾಶಯ. ಅಲ್ಲಿಯ ವಿಶೇಷ ಅದರ ಸೈಫನ್ನು: ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಬಾಗಿಲೆತ್ತುವ ಕೈಯ ಹಂಗಿಲ್ಲದೆ ತಾನಾಗಿಯೇ ಹೊರಗೆ ಹರಿಯತೊಡಗಿ, ಮಟ್ಟ ಇಳಿದು ಒಳಗೆ ಗಾಳಿ ಹೊಕ್ಕೊಡನೆ ತಾನಾಗಿಯೇ ನಿಲ್ಲುತ್ತದೆ. ಮನೆಗೆ ಬಂದ ಮೇಲೆ, ಡ್ರಮ್ಮಿನಲ್ಲಿ ಕೂಡಿಟ್ಟ ನೀರಿಗೆ ತೋಟದ ಹಳೆಯ ರಬ್ಬರ್ ಪೈಪಿನ ತುಂಡೊಂದನ್ನು ಮುಳುಗಿಸಿ ತುಂಬಿ, ಒಂದು ಬಾಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು ಹೊರಕ್ಕೆಳೆದು, ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಕೆಳಗೆ ತಂದು ಬೆರಳು ತೆಗೆದಾಗ, ನೀರು ಅಂಚನ್ನು ಹತ್ತಿಳಿದು ಹರಿಯಿತು. “ತಾತ, ಯಾರೂ ಎತ್ತದೇನೇ ಮೇಲಕ್ಕೆ ಹೆಂಗೆ ಹತ್ತುತ್ತೆ?” ಎಂಬ ಪ್ರಶ್ನೆಗೆ ವಾಯುಭಾರದ ಉತ್ತರವನ್ನು ಕೊಡುವುದಕ್ಕೆ ಸಂಜೆಯೆಲ್ಲ ಹಿಡಿಯಿತು. ಈಗ ಸಸಿಗಳ ಮಡಕೆಗಳಿಗೆ ಅವರು ನೀರು ತುಂಬುವುದು ಈ ಉಪಾಯದಿಂದಲೇ.

ಹಣ ತೆತ್ತು ಸೇರುವ ಬೇಸಗೆ ಶಿಬಿರಗಳನ್ನು ನಾನು ನಿಂದಿಸಲಾರೆ. ಹಾಡು, ಚಿತ್ರ, ಈಜು ಎಲ್ಲವೂ ಮಕ್ಕಳಿಗೆ ಬೇಕಾದವೇ. ಆದರೆ ಥರ್ಮೋಕೋಲಿನಲ್ಲಿ ಕತ್ತರಿಸಿದ ಮರಕ್ಕೆ ಹಸಿರು ಬಣ್ಣ ಬಳಿಯುವ ಗಂಟೆಯನ್ನು ನಿಜವಾದ ಮರದ ಬುಡದಲ್ಲಿ ಕಳೆಯಬಹುದಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ. ಬಹುಮಾನ, ಪ್ರಶಸ್ತಿಪತ್ರಗಳನ್ನು ನಾವು ಇಟ್ಟುಕೊಂಡಿಲ್ಲ, ಅವುಗಳ ಕೊರತೆಯೂ ಯಾರಿಗೂ ತೋರಿಲ್ಲ. ಹೊಣೆಯನ್ನು ಪೂರ್ತಿಯಾಗಿ ಒಪ್ಪಿಸಿದ ಮೇಲೆ ಮಗುವಿಗೆ ಬೇರೊಂದು ಆಮಿಷ ಬೇಕಾಗುವುದಿಲ್ಲ. ಹಕ್ಕಿಗಳಿಗೆಂದು ಕರಟಗಳಲ್ಲಿ ನೀರಿಡುವ ಸಣ್ಣ ಕೆಲಸದಲ್ಲಿಯೂ ಹೀಗೆಯೇ. ಸೊಳ್ಳೆ ಮೊಟ್ಟೆಯಿಡದಂತೆ ದಿನವೂ ಚೆಲ್ಲಿ, ಉಜ್ಜಿ, ಹೊಸ ನೀರು ತುಂಬಬೇಕೆಂಬುದನ್ನು ಒಮ್ಮೆ ಹೇಳಿದ್ದು ಸಾಕಾಯಿತು.

ಮೇ ಕೊನೆಯಲ್ಲಿ ರೋಹಿಣಿಯ ಮಳೆ ಬರುವ ವೇಳೆಗೆ, ಬೇಸಗೆಯಲ್ಲಿ ತೋಡಿ ಬಿಸಿಲಿಗೆ ಕಾಯಿಸಿದ ಗುಂಡಿಗಳಿಗೆ ಗೊಬ್ಬರ ತುಂಬಿ, ಹಾಳೆಯ ಕುಂಡಗಳನ್ನು ಇಳಿಸಿಯಾಗಿರುತ್ತದೆ. ಶಾಲೆ ತೆರೆದ ಮೇಲೆ ಮಳೆ ಕೈಕೊಟ್ಟ ವಾರಗಳಲ್ಲಿ ಯಾವ ಸಸಿಗೆ ಯಾರು ನೀರು ಹಾಕತಕ್ಕದ್ದೆಂಬುದನ್ನು ಮಕ್ಕಳೇ ಕೂತು ಬರೆದು, ಮೂಲೆಯ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ಮುಂದಿನ ಬೇಸಗೆಗೆ ಜಯಮಂಗಲಿಯ ದಾರಿಯನ್ನು ಹಿಡಿಯಬೇಕೆಂಬುದು ಅವರ ಹಟ: ಅದೇ ದೇವರಾಯನದುರ್ಗದಲ್ಲಿ ಹುಟ್ಟಿದರೂ ಶಿಂಷೆಯಂತೆ ಕಾವೇರಿಯತ್ತ ಬಾರದೆ ಉತ್ತರ ಪಿನಾಕಿನಿಯತ್ತ ಹೋಗುವ ನದಿ ಅದು. ಆ ಹೆಸರಿನಲ್ಲಿಯೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳ ರಕ್ಷಿತ ಪ್ರದೇಶವಿದೆ. ಮರದ ನೆರಳಿಲ್ಲದ ಬಯಲಾದ್ದರಿಂದ ಹೊತ್ತು ಮೂಡುವುದಕ್ಕೆ ಮುಂಚೆಯೇ ಅಲ್ಲಿರಬೇಕು. ಬೆಳಗಿನ ಜಾವಕ್ಕೆ ಎದ್ದು ಹೊರಡುವವರ ಪಟ್ಟಿಯಲ್ಲಿ ನೇರಳೆಯ ಹುಡುಗಿ ಆಗಲೇ ತನ್ನ ಹೆಸರನ್ನೂ ತಮ್ಮನ ಹೆಸರನ್ನೂ ಬರೆಸಿದ್ದಾಳೆ.