ಕಲ್ಮಲಾ ಕ್ರಾಸಿನಿಂದ ಸುತ್ತು ಹೊಡೆದು ಮಾನ್ವಿಗೆ

ರಾಯಚೂರಿನಿಂದ ಮಾನ್ವಿಗೆ ನೇರ ದಾರಿ ಐವತ್ತು ಕಿಲೋಮೀಟರಿನ ಆಸುಪಾಸು. ಒಂದು ತಾಸಿನ ಮಾತು. ಆದರೂ ನೆಂಟರು, ಗೆಳೆಯರು, ಜೊತೆಯ ಶಿಕ್ಷಕರು ಸೇರಿ ಕ್ರೂಸರ್ ಮಾಡಿಕೊಂಡು ಹೊರಟಾಗ ಕಲ್ಮಲಾ ಕ್ರಾಸಿನಲ್ಲಿ ಗಾಡಿಯನ್ನು ದೇವದುರ್ಗದ ಕಡೆ ಹೊರಳಿಸಲು ನಾನು ಹೇಳುತ್ತೇನೆ. ಗಬ್ಬೂರು, ದೇವದುರ್ಗ, ಸಿರವಾರ ಸುತ್ತಿ ಮಾನ್ವಿ ಮುಟ್ಟುವಾಗ ದಾರಿ ಇಮ್ಮಡಿ ಮೀರಿರುತ್ತದೆ. ಡೀಸೆಲ್ ಖರ್ಚು, ಹೊತ್ತು, ಬೆವರು ಎಲ್ಲವೂ ಹೆಚ್ಚು. ಹಾಗಿದ್ದೂ ನನಗೆ ಈ ದಾರಿಯೇ ಬೇಕು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿದರೂ ನಡುವಿನ ಸೀಮೆ ಹೇಗೆ ಬಾಯಾರಿ ಕೂತಿತ್ತು, ಎಲ್ಲಿ ಅದಕ್ಕೆ ನೀರು ಸಿಕ್ಕಿತು, ಎಲ್ಲಿ ಇನ್ನೂ ಸಿಕ್ಕಿಲ್ಲ ಎಂಬುದು ನೇರ ರಸ್ತೆಯಲ್ಲಿ ಕಾಣುವುದಿಲ್ಲ. ಗುಂಪು ಕಟ್ಟಿಕೊಂಡು ಈ ಸುತ್ತು ಹೊಡೆಯುವವರಿಗೆ ಉಪಯೋಗವಾದೀತೆಂದು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಹೊರಡುವ ಹೊತ್ತನ್ನು ಬಿಸಿಲಿಗೆ ಬಿಡಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 43, 44 ಡಿಗ್ರಿ ಹೊಸ ಸುದ್ದಿಯಲ್ಲ. ಬಂಡೆಗುಡ್ಡಗಳು ಹಗಲಿಡೀ ಕಾಯ್ದು, ಸಂಜೆಯಾದ ಮೇಲೂ ಆ ಕಾವನ್ನು ಬಿಡುತ್ತಿರುತ್ತವೆ. ಬೇಸಗೆಯಲ್ಲಿ ಹೋಗಲೇಬೇಕಾದರೆ ಹನ್ನೊಂದು ಗಂಟೆಗೆ ಎಲ್ಲರೂ ಒಂದು ಸೂರಿನಡಿ ಇರಬೇಕು ಎಂದಿಟ್ಟುಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಬೆಳಗಿನ ಐದಕ್ಕೆ ಗಾಡಿ ಬಿಡುವುದು ಆಗದ ಮಾತೆಂದರೆ ಅಂದು ನೇರ ದಾರಿಯೇ ಸರಿ.

ಕಾರ್ತಿಕದಿಂದ ಪುಷ್ಯದವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದ್ದು. ಹತ್ತಿ ಬಿಳಿಚಿ ನಿಂತಿರುತ್ತದೆ, ತೊಗರಿ ಹೂವು ಕಾಯಿಗಳಲ್ಲಿರುತ್ತದೆ, ಹಿಂಗಾರಿ ಜೋಳ ಎದೆಮಟ್ಟ ಬಂದಿರುತ್ತದೆ. ಎಳ್ಳ ಅಮವಾಸ್ಯೆಯ ದಿನ ಹೋದರೆ ಚರಗ ಚೆಲ್ಲಿ ಹೊಲದಲ್ಲೇ ಊಟಕ್ಕೆ ಕೂತವರು ರಸ್ತೆಯಲ್ಲಿ ಹೋಗುವವರನ್ನೂ ಕರೆಯುತ್ತಾರೆ. ಕರೆದರೆ ಹೋಗಿ, ಎರಡು ತುತ್ತಾದರೂ ತಿನ್ನಿ.

2. ಒಪ್ಪಿಗೆ ಮನೆಯಲ್ಲೇ ಆಗಲಿ

ಕ್ರಾಸಿನಲ್ಲಿ ಗಾಡಿ ನಿಲ್ಲಿಸಿ “ಈ ಕಡೆ ಹೋಗೋಣೇನ್ರಿ?” ಎಂದು ಕೇಳುವುದು ಕೇಳಿದಂತಲ್ಲ. ಅಷ್ಟು ಜನರ ನಡುವೆ ಒಲ್ಲೆ ಅನ್ನಲು ಸಂಕೋಚಪಡುವವರು ಇದ್ದೇ ಇರುತ್ತಾರೆ. ಮುಖ್ಯವಾಗಿ ವಯಸ್ಸಾದವರು, ಸೊಸೆಯಂದಿರು, ಮಕ್ಕಳ ತಾಯಂದಿರು. ಮುಂಚಿನ ದಿನವೇ ಒಬ್ಬೊಬ್ಬರನ್ನೂ ಕೇಳಬೇಕು, ಅದರಲ್ಲೂ ಅವರು ಯಾವುದಕ್ಕಾಗಿ ಬರುತ್ತಿದ್ದಾರೆಂದು ಕೇಳಬೇಕು. ಒಮ್ಮೆ ನಮ್ಮ ಜೊತೆ ಬಂದಿದ್ದ ಅಜ್ಜಿಗೆ ಬೇಕಿದ್ದದ್ದು ಮಾನ್ವಿಯ ಜಗನ್ನಾಥದಾಸರ ಮಂದಿರ. ಮಧ್ಯಾಹ್ನದೊಳಗೆ ದರ್ಶನ ಆಗದಿದ್ದರೆ ಅವರ ಮಟ್ಟಿಗೆ ಪ್ರಯಾಣವೇ ವ್ಯರ್ಥ. “ಅವ್ವಾ, ಹೋಗ್ತಾ ಕೊಪ್ಪರದ ನರಸಿಂಹನ್ನೂ ನೋಡಿ ಹೋಗೋಣ, ನಸುಕಿನ್ಯಾಗ ಹೊರಟ್ರ ಮಾನ್ವಿಗೂ ಹೊತ್ತಿಗೆ ಮುಟ್ಟತೀವಿ” ಎಂದಾಗ, “ಕೊಪ್ಪರ ಅಂದ್ರ ನಾ ಯಾಕ ಒಲ್ಲೆ ಅನ್ನಲೆಪ್ಪ” ಎಂದು ಎಲ್ಲರಿಗಿಂತ ಮೊದಲು ತಯಾರಾಗಿ ಕೂತಿದ್ದರು. ಹುಡುಗರ ನೋಟದ ಆಸೆಗೂ ಅಜ್ಜಿಯ ಹರಕೆಗೂ ಒಂದೇ ದಾರಿಯಲ್ಲಿ ಜಾಗ ಹುಡುಕಬೇಕು. ಸಿಗದಿದ್ದರೆ ಹರಕೆಯೇ ಗೆಲ್ಲಬೇಕು ಎಂಬುದು ನನ್ನ ಪಕ್ಷ.

ಡ್ರೈವರನ ಒಪ್ಪಿಗೆಯೂ ಬೇಕು. ಹಿಂದಿನ ರಾತ್ರಿ ಮದುವೆ ಬಾಡಿಗೆ ಹೊಡೆದು ಬಂದವನಿಗೆ ಇನ್ನೂ ಅರವತ್ತು ಕಿಲೋಮೀಟರ್ ಹೊರಿಸುವುದು ಅನ್ಯಾಯ, ಅಪಾಯ ಕೂಡ.

3. ಬುತ್ತಿ ಮತ್ತು ನೀರು

ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ. ಬಿಸಿಲಿಗೆ ಕೆಡದ ಬುತ್ತಿ ಇದು. ನೀರು ತಲೆಗೆ ಮೂರು ಲೀಟರಿಗೆ ಕಡಿಮೆ ಬೇಡ, ಮಜ್ಜಿಗೆ ಬೇರೆ. ಯಾರಾದರೂ ಬೆವರುವುದು ನಿಂತು, ಮೈ ಸುಡುತ್ತಾ, ಮಾತು ತೊದಲಿದರೆ ಅದು ಆಯಾಸವಲ್ಲ, ಬಿಸಿಲಾಘಾತ. ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ದೇವದುರ್ಗದಲ್ಲೂ ಮಾನ್ವಿಯಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ.

4. ಕಲ್ಲಿನ ಮುಂದೆ ನಿಲ್ಲಲು ಹೊತ್ತು ಇಟ್ಟುಕೊಳ್ಳಿ

ಹೊರಡುವ ಮುನ್ನ ರಾಯಚೂರು ಕೋಟೆಯ ಗೋಡೆಯ ಬಳಿ ಹತ್ತು ನಿಮಿಷ ನಿಲ್ಲಿ. 1294ರಲ್ಲಿ ಕಾಕತೀಯರ ದಂಡನಾಯಕ ಗೋರೆ ಗಂಗಯ್ಯ ಕಟ್ಟಿಸಿದ ಈ ಕೋಟೆಯಲ್ಲಿ ನಲವತ್ತು ಅಡಿ ಮೀರಿದ ಒಂದೇ ಕಲ್ಲಿನ ಮೇಲೆ ಶಾಸನವಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಸಾಲು ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಗೆ ಕೊರೆದಿದ್ದಾರೆ. 1520ರಲ್ಲಿ ಕೃಷ್ಣದೇವರಾಯನೂ ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹನೂ ಕಾದಾಡಿದ್ದು ಈ ಕೋಟೆಗಾಗಿ, ಅದರ ಹಿಂದಿರುವ ಈ ಎರಡು ಹೊಳೆಗಳ ನಡುವಿನ ನೆಲಕ್ಕಾಗಿ. ಇದನ್ನು ನೋಡಿ ಹೊರಟವರಿಗೆ ದಾರಿಯುದ್ದಕ್ಕೂ ಕಾಣುವ ಬಂಡೆಗುಡ್ಡಗಳು ಬರಿಯ ಗುಡ್ಡಗಳಾಗಿ ಉಳಿಯುವುದಿಲ್ಲ.

ಗಬ್ಬೂರಿನಲ್ಲಿ ಇಳಿಯಲೇಬೇಕು. ಊರ ತುಂಬ ಹಳೆಯ ದೇಗುಲಗಳು, ಶಾಸನದ ಕಲ್ಲುಗಳು. ಕೆಲವು ಗುಡಿಗಳಲ್ಲಿ ದೀಪ ಉರಿಯುತ್ತದೆ, ಕೆಲವಕ್ಕೆ ಮನೆಗಳ ಗೋಡೆ ಒತ್ತಿಕೊಂಡಿದೆ. ಮಳೆ ಶಂಕರನ ಗುಡಿಯನ್ನು ಕೇಳಿಕೊಂಡು ಹೋಗಿ. ಬಿಸಿಲ ಸೀಮೆಯ ಶಿವನಿಗೆ ಮಳೆಯ ಹೆಸರು! ಗುಂಪು ಇಲ್ಲಿ ಚದುರಿದರೆ ಚದುರಲಿ, ಮತ್ತೆ ಸೇರುವ ಜಾಗವೊಂದನ್ನು ಮೊದಲೇ ಹೇಳಿಟ್ಟರೆ ಸಾಕು. ಊರಿನ ಹಿರಿಯರು ಯಾರಾದರೂ ಕಟ್ಟೆಯ ಮೇಲೆ ಕೂತಿದ್ದರೆ “ಯಜಮಾನ್ರ, ಇದು ಯಾರ ಗುಡಿರಿ?” ಎಂದು ಕೇಳಿ. ಬೋರ್ಡಿನ ಮೇಲಿಲ್ಲದ ಎಷ್ಟೋ ಸಂಗತಿಗಳು ಅವರ ಬಾಯಲ್ಲಿರುತ್ತವೆ.

5. ಒಂದು ದಿನಕ್ಕೆ ಒಂದೇ ಸುತ್ತು

ದೇವದುರ್ಗ ಮುಟ್ಟುತ್ತಿದ್ದಂತೆ ಗಾಡಿಯೊಳಗೆ ಆಸೆ ಬೆಳೆಯುತ್ತದೆ. ಹಟ್ಟಿ ಚಿನ್ನದ ಗಣಿ ಇಲ್ಲೇ ಅಲ್ಲವೇ? ತಿಂಥಣಿ ಮೌನೇಶ್ವರ? ಜಲದುರ್ಗ, ಮುದಗಲ್? 1915ರಲ್ಲಿ ಬೆಳಕಿಗೆ ಬಂದು, ದೇವಾನಾಂಪ್ರಿಯನೇ ಅಶೋಕನೆಂದು ತಿಳಿಸಿಕೊಟ್ಟ ಮಸ್ಕಿ ಶಾಸನ? ಎಲ್ಲವೂ ನೋಡಲೇಬೇಕಾದ ಜಾಗಗಳು, ಆದರೆ ಇನ್ನೊಂದು ದಿನ. ಸುತ್ತಿನ ಮೇಲೆ ಸುತ್ತು ಸೇರಿಸಿದರೆ ಯಾವುದನ್ನೂ ನೋಡಿದಂತಾಗುವುದಿಲ್ಲ, ಮಾನ್ವಿಗೆ ಕತ್ತಲಲ್ಲಿ ಮುಟ್ಟುತ್ತೀರಿ.

6. ಹೊಳೆ ನೋಡಿ, ಇಳಿಯಬೇಡಿ

ಕೊಪ್ಪರದ ದಂಡೆಯಲ್ಲಿ ನಿಂತರೆ ಕೃಷ್ಣೆ ಬಂಡೆಗಳ ನಡುವೆ ಹರಡಿಕೊಂಡು ಹರಿಯುವುದು ಕಾಣುತ್ತದೆ. ನೀರು ಕಡಿಮೆಯಿದ್ದಾಗ ಹುಡುಗರಿಗೆ ಇಳಿಯುವ ಆಸೆ. ನಾನು ಬಿಡುವುದಿಲ್ಲ. ಈ ಹೊಳೆಯಲ್ಲಿ ಮೊಸಳೆಗಳಿವೆ. ಮೇಲೆ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಇಲ್ಲಿ ಮೋಡವೇ ಇಲ್ಲದ ದಿನವೂ ಹೊಳೆ ಏರುತ್ತದೆ. ಮಹಾರಾಷ್ಟ್ರದ ಮಳೆಯಿಂದ 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ದೇವದುರ್ಗ, ಶಹಾಪುರ ಕೂಡಿಸುವ ಹೂವಿನಹೆಡಗಿ ಸೇತುವೆ ಮುಳುಗಿತ್ತು. ಮಳೆಗಾಲದಲ್ಲಿ ಹೊರಡುವವರು ಮುಂಚಿನ ರಾತ್ರಿ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂಬ ಸುದ್ದಿ ನೋಡಿಕೊಳ್ಳಲಿ.

7. ದಾರಿ ಕೇಳುವ ರೀತಿ

ಫೋನಿನ ನಕಾಶೆ ಕಾಲುವೆಯ ದಂಡೆಯನ್ನೂ ಹೊಲದ ಬಂಡಿದಾರಿಯನ್ನೂ ರಸ್ತೆಯೆಂದೇ ತೋರಿಸುತ್ತದೆ. ಎರೆಮಣ್ಣು ಒಣಗಿದಾಗ ಕಲ್ಲಿನಷ್ಟು ಗಟ್ಟಿ, ಒಂದು ಮಳೆ ಬಿದ್ದರೆ ಉಬ್ಬಿ ಗಾಲಿಗೆ ಮೆತ್ತಿಕೊಂಡು ಗಾಡಿಯನ್ನು ನಿಂತಲ್ಲೇ ಹಿಡಿಯುತ್ತದೆ. ಕಾಲುವೆ ದಂಡೆಯ ಮೇಲೆ ಎದುರು ಟ್ರ್ಯಾಕ್ಟರ್ ಬಂದರೆ ಹಿಂದೆ ಸರಿಯುವುದೇ ಕಷ್ಟ. ಅದಕ್ಕೆ ಡಾಂಬರು ಬಿಡುವ ಮುನ್ನ ಕೇಳಬೇಕು. “ಈ ದಾರಿ ಸಿರವಾರಕ್ಕ ಹೋಗ್ತದೇನ್ರಿ?” ಎಂದರೆ “ಹೋಗ್ತದ್ರಿ” ಎಂದೇ ಉತ್ತರ ಬರುತ್ತದೆ. ಅವರು ಹೇಳುವುದು ಸುಳ್ಳಲ್ಲ, ಅವರ ಬೈಕು ಅಲ್ಲಿ ಹೋಗುತ್ತದೆ. “ಇವತ್ತು ಈ ಕಡಿಂದ ಕ್ರೂಸರ್ ಬಂದಾವೇನಣ್ಣ?” ಎಂದು ಕೇಳಿ ನೋಡಿ. ಆಗ ಹಳ್ಳದ ಕೆಸರು, ಕಿತ್ತು ಹೋದ ಕಿರುಸೇತುವೆ, ಎಲ್ಲ ಹೊರಬರುತ್ತದೆ. ಕುರಿ ಕಾಯುವವರಿಗೂ ಟಂಟಂ ಓಡಿಸುವವರಿಗೂ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

8. ನೀರಿನ ಗೆರೆಯನ್ನು ಗುಂಪಿಗೆ ತೋರಿಸಿ

ಈ ಸುತ್ತಿನ ಜೀವ ಇರುವುದು ಇಲ್ಲಿ. 2002ರಲ್ಲಿ ವರದಿ ಕೊಟ್ಟ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವನ್ನು ಎಣಿಸಿತ್ತು. ಕೃಷ್ಣೆ ಮಗ್ಗುಲಲ್ಲೇ ಇದ್ದರೂ ಹೊಲ ಎತ್ತರದಲ್ಲಿ, ನೀರು ತಗ್ಗಿನಲ್ಲಿ. ನಾರಾಯಣಪುರ ಬಲದಂಡೆ ಕಾಲುವೆ ಬಂದಲ್ಲಿ ಹೊಲಗಳು ಬದಲಾದವು, ಬಾರದಲ್ಲಿ ಇನ್ನೂ ಆಕಾಶವೇ ಗತಿ. ಒಂದೇ ಕಿಟಕಿಯಿಂದ ಎರಡೂ ಕಾಣುತ್ತವೆ. ಈ ಬದಿ ಕಲ್ಲು, ಜಾಲಿ, ಮೇಯುವ ಕುರಿ. ಕಾಲುವೆ ದಾಟಿದರೆ ಹತ್ತಿ, ಮೆಣಸಿನಕಾಯಿ. ಸಿರವಾರ ದಾಟಿ ಮಾನ್ವಿಯ ಕಡೆ ಇಳಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಭತ್ತದ ಗದ್ದೆಗಳು. ಅಲ್ಲೂ ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗಿಳಿಯುವ ವರ್ಷಗಳಿವೆ. ಗುಂಪಿನಲ್ಲಿ ಬೆಂಗಳೂರಿನಿಂದ ಬಂದ ಮಕ್ಕಳಿದ್ದರೆ ಗಾಡಿ ನಿಲ್ಲಿಸಿ ಇದನ್ನು ತೋರಿಸಿ. ಅವರು ಉಣ್ಣುವ ಸೋನಾ ಮಸೂರಿ ಬರುವುದು ಇಂಥ ಗದ್ದೆಗಳಿಂದ.

ದಾಸರ ಹಾದಿಯೂ ಇದೇ ಸೀಮೆಯ ಮೇಲೆ ಹಾದಿದೆ. ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು, ಅವರ ಗುರು ವಿಜಯದಾಸರು ತುಂಗಭದ್ರೆಯ ದಂಡೆಯ ಚೀಕಲಪರವಿಯವರು, ಶಿಷ್ಯ ಜಗನ್ನಾಥದಾಸರು ಬ್ಯಾಗವಟ್ಟಿಯಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ ‘ಹರಿಕಥಾಮೃತಸಾರ’ ಬರೆದವರು. ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ಶಿಷ್ಯನಿಗೆ ಧಾರೆಯೆರೆದ ಕಥೆಯನ್ನು ಆ ಅಜ್ಜಿ ಸಿರವಾರದಿಂದ ಮಾನ್ವಿಯವರೆಗೆ ಹೇಳುತ್ತಾ ಬಂದರು. ಹುಡುಗರು ಫೋನು ಕೆಳಗಿಟ್ಟು ಕೇಳಿದರು.

9. ಕಾಲುವೆಗೆ ಏನನ್ನೂ ಎಸೆಯಬೇಡಿ

ಊಟಕ್ಕೆ ಕಾಲುವೆ ದಂಡೆಯ ಬೇವಿನ ನೆರಳು ಚೆಂದ. ಆದರೆ ಬಾಟಲಿ, ತಟ್ಟೆ, ಎಂಜಲು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ವಾಪಸು ತನ್ನಿ. ಕಾಲುವೆಯ ಕೆಳಗಿನ ಹಳ್ಳಿಗಳು ತಮ್ಮ ಕುಡಿಯುವ ನೀರಿನ ಕೆರೆಗಳನ್ನು ಇದರಿಂದಲೇ ತುಂಬಿಸಿಕೊಳ್ಳುತ್ತವೆ. ರಾಯಚೂರಿಗೆ ನೀರು ಕೊಡುವ ರಾಂಪುರ ಕೆರೆ ತುಂಬುವುದೂ ತುಂಗಭದ್ರಾ ಎಡದಂಡೆ ಕಾಲುವೆಯಿಂದಲೇ.